ಬೆಂಗಳೂರಿನ ಮೇಳಕ್ಕೆ ಖಡಕ್ ರೊಟ್ಟಿ ಒಯ್ಯುವವರಿಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಮನೆಗಳೂ ಸ್ವಸಹಾಯ ಸಂಘಗಳೂ ಬೆಂಗಳೂರಿನ ಸಿರಿಧಾನ್ಯ ಮತ್ತು ಸಾವಯವ ವಾಣಿಜ್ಯ ಮೇಳದಂಥ ಕಡೆ ಮಳಿಗೆ ಹಿಡಿಯುತ್ತವೆ. ವಾಪಸ್ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಪ್ಯಾಕೆಟ್ ಹೋದವು? ನನ್ನ ಪ್ರಕಾರ ಚಿಲ್ಲರೆ ಮಾರಾಟದಿಂದ ಮಳಿಗೆ ಬಾಡಿಗೆ, ಗಾಡಿ ಖರ್ಚು ಹೊರಟರೆ ಸಾಕು. ಮೂರು ದಿನ ಅಲ್ಲಿ ನಿಲ್ಲುವುದು ತಿಂಗಳು ತಿಂಗಳು ಮಾಲು ಕೇಳುವ ನಾಲ್ಕೈದು ಅಂಗಡಿಯವರನ್ನು ಹುಡುಕಲು. ತಯಾರಿ ಎಲ್ಲ ಅವರನ್ನು ಕಣ್ಣಮುಂದೆ ಇಟ್ಟುಕೊಂಡೇ ಆಗಬೇಕು.

ಮೊದಲು ರೊಟ್ಟಿ ಒಡೆಯುವ ಮಾತು. ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು ಮೇಲೆ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಷ್ಟು ದೂರ ಕುಲುಕಿದ ಪೆಟ್ಟಿಗೆಯಲ್ಲಿ ಮೊದಲು ಮುರಿಯುವುದು ಡೊಂಕಾದ ರೊಟ್ಟಿ. ಬೇಯಿಸಿದ ಮೇಲೆ ಸಣ್ಣ ಉರಿಯಲ್ಲಿ ಗರಿಗರಿ ಮಾಡುವಾಗ ಬಟ್ಟೆಯ ಉಂಡೆಯಿಂದ ಅಂಚು ಒತ್ತುತ್ತಾ ಹೋದರೆ ರೊಟ್ಟಿ ಚಪ್ಪಟೆಯಾಗಿ ನಿಲ್ಲುತ್ತದೆ, ಹತ್ತು ರೊಟ್ಟಿ ಒಂದರ ಮೇಲೊಂದು ಸರಿಯಾಗಿ ಕೂಡುತ್ತವೆ. ಹಿಟ್ಟು ಬೀಸಿ ಬಹಳ ದಿನವಾದರೆ ಅದರ ಜಿಗಿ ಹೋಗುತ್ತದೆ. ಅಂಥ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಬಿರಿಯುತ್ತದೆ, ಆ ಬಿರುಕು ದಾರಿಯಲ್ಲಿ ನಡುವಿನತನಕ ಓಡುತ್ತದೆ. ಮೇಳದ ಮಾಲಿಗೆ ಜೋಳವನ್ನು ಅದೇ ವಾರ ಬೀಸಿಸಿ.

ರೊಟ್ಟಿ ಪೂರ್ತಿ ಆರದೆ ಕವರಿಗೆ ಹೋಗಬಾರದು. ಮೇಲೆ ತಣ್ಣಗಿದ್ದರೂ ರಾಶಿಯ ನಡುವೆ ಬಿಸಿ ಉಳಿದಿರುತ್ತದೆ. ಸೀಲ್ ಮಾಡಿದ ಮೇಲೆ ಆ ಆವಿ ಕವರಿನ ಒಳಮೈಗೆ ಹನಿಯಾಗಿ ಹತ್ತಿ ಮೊದಲು ರೊಟ್ಟಿ ಮೆತ್ತಗಾಗುತ್ತದೆ, ಆಮೇಲೆ ಬೂಸು ಬರುತ್ತದೆ. ಬಿದಿರಿನ ಪುಟ್ಟಿಯಲ್ಲಿ ನಾಲ್ಕೈದು ತಾಸು ಹರಡಿ, ನಡುವಿನ ರೊಟ್ಟಿಯನ್ನು ಕೆನ್ನೆಗೆ ಹಚ್ಚಿ ನೋಡಿ. ಬೆಚ್ಚಗೆ ತಾಗಿದರೆ ಇನ್ನೂ ಸಮಯ ಬೇಕು.

ಹತ್ತು ರೊಟ್ಟಿಯ ಕಟ್ಟಿನ ಕೆಳಗೊಂದು ಮೇಲೊಂದು ದುಂಡನೆಯ ರಟ್ಟು ಇಡಿ. ರಟ್ಟಿನ ಪೆಟ್ಟಿಗೆ ಪ್ಯಾಕೆಟ್ಟಿಗಿಂತ ಎರಡು ಬೆರಳು ಮಾತ್ರ ಅಗಲ ಇರಲಿ, ಆ ಸಂದಿಯನ್ನೂ ಮುದುಡಿದ ಪೇಪರಿನಿಂದ ಬಿಗಿಯಾಗಿ ತುಂಬಿ. ಒಳಗೆ ಜಾಗ ಉಳಿದರೆ ಎಷ್ಟು ಗಟ್ಟಿ ಪೆಟ್ಟಿಗೆಯಾದರೂ ರೊಟ್ಟಿ ಒಡೆಯುತ್ತದೆ. ಒಂದರ ಮೇಲೊಂದು ಎಂಟು ಪ್ಯಾಕೆಟ್ ಸಾಕು, ನಾಲ್ಕರ ನಂತರ ಒಂದು ಅಡ್ಡ ರಟ್ಟು. ಮೇಳಕ್ಕೆ ಹದಿನೈದು ದಿನ ಮೊದಲು ಇಂಥದೊಂದು ಪೆಟ್ಟಿಗೆಯನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಬೆಂಗಳೂರಿಗೆ ಕಳಿಸಿ, ಬಿಚ್ಚದೆ ವಾಪಸ್ ತರಿಸಿ ಎಣಿಸಿ. ನೂರಕ್ಕೆ ಐದಕ್ಕಿಂತ ಹೆಚ್ಚು ಒಡೆದಿದ್ದರೆ ಪ್ಯಾಕಿಂಗ್ ಬದಲಿಸಬೇಕು. ಅಂಗಡಿಗೆ ಕಳಿಸುವ ಮಾಲೂ ಇದೇ ದಾರಿಯಲ್ಲೇ ಹೋಗುವುದು ತಾನೆ?

ಚಟ್ನಿಪುಡಿಯ ತೊಂದರೆ ಬೇರೆ. ಹುರಿದ ಶೇಂಗಾ ಬಿಸಿ ಇದ್ದಾಗಲೇ ಮಿಕ್ಸರಿಗೆ ಹಾಕಿದರೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ. ಆರಿಸಿ, ತಡೆತಡೆದು ತಿರುವಿ. ಅಗಸಿ ಪುಡಿಯಾದ ಮೇಲೆ ಬೇಗ ಕಮಟು ಹಿಡಿಯುತ್ತದೆ, ಅದನ್ನು ಹೊರಡುವ ಎರಡು ದಿನ ಮೊದಲಷ್ಟೇ ಮಾಡಿ. ಪಾರದರ್ಶಕ ಕವರಿನಲ್ಲಿ ಪುಡಿಯ ಕೆಂಪು ಚೆಂದ ಕಾಣುತ್ತದೆ, ಆದರೆ ಬೆಳಕು ತಾಗಿ ಎಣ್ಣೆ ಕೆಡುತ್ತದೆ. ತೋರಿಸಲು ಒಂದು ಗಾಜಿನ ಬಾಟಲಿ ಇಟ್ಟು, ಮಾರುವುದನ್ನು ಫಾಯಿಲ್ ಪೌಚಿನಲ್ಲಿ ಇಡುವುದು ಒಳ್ಳೆಯದು.

ಹೆಸರಿನ ವಿಷಯದಲ್ಲಿ ನಮ್ಮವರು ಬಹಳ ಎಡವುತ್ತಾರೆ. ರಾಯಚೂರಿನ ಕೃಷಿ ಮೇಳದಲ್ಲಿ ‘ಗುರೆಳ್ಳು’ ಎಂದು ಬರೆದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ತುಮಕೂರು, ಮಂಡ್ಯದವರಿಗೆ ಅದು ಹುಚ್ಚೆಳ್ಳು. ಶೇಂಗಾ ಅವರಿಗೆ ಕಡಲೆಕಾಯಿ, ಅಗಸಿ ಅಗಸೆ, ಪುಂಡಿಪಲ್ಲೆ ಗೋಂಗುರ. ಲೇಬಲ್ಲಿನಲ್ಲಿ ನಮ್ಮ ಹೆಸರು ದೊಡ್ಡದಾಗಿ ಇರಲಿ, ಅದರ ಕೆಳಗೆ ಅವರ ಹೆಸರು ಚಿಕ್ಕದಾಗಿ ಇರಲಿ. ನಮ್ಮ ಹೆಸರನ್ನು ಬಿಟ್ಟುಕೊಡಬೇಡಿ, ಆ ಊಟದ ಗುರುತು ಇರುವುದೇ ಅದರಲ್ಲಿ.

ಲೇಬಲ್ಲಿನ ಉಳಿದ ಸಂಗತಿಗಳು: ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ಹೆಚ್ಚಿನದರಿಂದ ಕಡಿಮೆಯ ಕಡೆಗೆ ಪದಾರ್ಥಗಳ ಪಟ್ಟಿ, ಹಸಿರು ಗುರುತು, ಬ್ಯಾಚ್, ತಯಾರಿಸಿದ ದಿನ, ಎಷ್ಟು ದಿನ ಬಳಸಬಹುದು, ಎಂಆರ್‌ಪಿ, ವಿಳಾಸ, ದೂರಿಗೆ ಫೋನ್ ನಂಬರು. ಶೇಂಗಾ ಇದೆ ಎಂಬುದನ್ನು ಅಲರ್ಜಿ ಸೂಚನೆಯಲ್ಲಿ ಪ್ರತ್ಯೇಕವಾಗಿ ಬರೆಯಬೇಕು. ‘10 ರೊಟ್ಟಿ’ ಎಂದಷ್ಟೇ ಬರೆದರೆ ನಡೆಯುವುದಿಲ್ಲ, ನಿವ್ವಳ ತೂಕ ಬೇಕು. ಒಂದು ಕಿಲೋಗಿಂತ ಕಡಿಮೆಯ ಪ್ಯಾಕೆಟ್ಟಿಗೆ ಗ್ರಾಮಿನ ಲೆಕ್ಕದ ದರವನ್ನೂ ಹಾಕಬೇಕು: 200 ಗ್ರಾಂ ಪುಡಿಗೆ ₹100 ಎಂದರೆ ಗ್ರಾಮಿಗೆ ₹0.50. ಅಂಗಡಿಯವರು ಪ್ಯಾಕೆಟ್ ಕೈಗೆ ತೆಗೆದುಕೊಂಡವರೇ ಹಿಂದೆ ತಿರುಗಿಸಿ ಇದನ್ನೆಲ್ಲ ನೋಡುತ್ತಾರೆ. ರುಚಿಯ ಮಾತು ಆಮೇಲೆ.

ಮಳಿಗೆ ಸಾಮಾನ್ಯವಾಗಿ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ. ಒಂದು ಮೇಜು, ಎರಡು ಕುರ್ಚಿ, ದೀಪ, ಒಂದು 5 ಆಂಪಿಯರ್ ಪ್ಲಗ್. ಈ ಪ್ಲಗ್ ಹತ್ತಿರವೇ ಹೆಚ್ಚಿನವರ ಮೊದಲ ದಿನ ಕೆಡುವುದು. ಸಭಾಂಗಣದ ಒಳಗೆ ಗ್ಯಾಸ್ ಒಲೆಗೆ ಹೆಚ್ಚಾಗಿ ಅವಕಾಶ ಇರುವುದಿಲ್ಲ, ಅದಕ್ಕೆ ಇಂಡಕ್ಷನ್ ತರುತ್ತಾರೆ. 230 ವೋಲ್ಟಿನಲ್ಲಿ 5 ಆಂಪಿಯರ್ ಎಂದರೆ 1,150 ವ್ಯಾಟ್. ಇಂಡಕ್ಷನ್ನನ್ನು 1,600ಕ್ಕೆ ಏರಿಸಿದರೆ ಟ್ರಿಪ್ ಆಗುತ್ತದೆ, ಕೆಲವೊಮ್ಮೆ ಪಕ್ಕದ ಮಳಿಗೆಗಳ ದೀಪವೂ ಹೋಗುತ್ತದೆ. ಬಿಸಿ ರೊಟ್ಟಿ ತೋರಿಸಲೇಬೇಕು ಎಂದಿದ್ದರೆ ಅರ್ಜಿಯಲ್ಲೇ 15 ಆಂಪಿಯರ್ ಪಾಯಿಂಟ್ ಕೇಳಿ, ಅದಕ್ಕೆ ಬೇರೆ ಹಣ ಕೊಡಬೇಕಾಗಬಹುದು. ಖಡಕ್ ರೊಟ್ಟಿಗೆ ಒಲೆಯೇ ಬೇಕಿಲ್ಲ, ಅದೇ ನಮಗಿರುವ ಅನುಕೂಲ.

ರುಚಿ ತೋರಿಸುವುದಕ್ಕೆ ಮೊಸರು ಬೇಡ, ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಪುಡಿಗೆ ಕುಸುಬಿ ಅಥವಾ ಶೇಂಗಾ ಎಣ್ಣೆ ಕಲಸಿ ಗಟ್ಟಿ ಮಾಡಿಕೊಳ್ಳಿ. ಒಂದು ರೊಟ್ಟಿ ಹನ್ನೆರಡು ತುಂಡು, ತುಂಡಿನ ಮೇಲೆ ಎರಡು ಗ್ರಾಂ ಪುಡಿ. ದಿನಕ್ಕೆ ಆರುನೂರು ಜನ ತಿಂದರೆ ಐವತ್ತು ರೊಟ್ಟಿ, 1.2 ಕಿಲೋ ಪುಡಿ. ಇದನ್ನು ಮಾರುವ ಮಾಲಿನಿಂದ ಬಿಚ್ಚದೆ ಬೇರೆ ಪೆಟ್ಟಿಗೆಯಲ್ಲೇ ಒಯ್ಯಿರಿ. ನಮ್ಮ ಒಣ ಹವೆಯಲ್ಲಿ ತಟ್ಟೆಯಲ್ಲಿಟ್ಟ ರೊಟ್ಟಿ ಸಂಜೆಯವರೆಗೂ ಗರಿಗರಿ ಇರುತ್ತದೆ, ಬೆಂಗಳೂರಿನ ಥಂಡಿಗಾಳಿಗೆ ಎರಡೇ ತಾಸಿನಲ್ಲಿ ತೊಗಲಿನಂತೆ ಎಳೆಯುತ್ತದೆ. ಒಂದು ಸಲಕ್ಕೆ ಒಂದೇ ಪ್ಯಾಕೆಟ್ ಬಿಚ್ಚಿ, ತುಂಡುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು ಕೇಳಿದವರಿಗೆ ಕೈಯಾರೆ ತೆಗೆದುಕೊಡಿ. ಮುರಿದಾಗ ‘ಟಕ್’ ಎಂದು ಸಪ್ಪಳ ಬರಬೇಕು. ಆ ಸಪ್ಪಳ ಕೇಳಿಯೇ ಹಾದುಹೋಗುವವರು ತಿರುಗಿ ನೋಡುತ್ತಾರೆ.

ಅಂಗಡಿಯವರು ಕೇಳುವ ಮೊದಲ ಮಾತು: ‘ನಮಗೆ ಎಷ್ಟಕ್ಕೆ ಕೊಡ್ತೀರಿ?’ ಅಲ್ಲಿ ತಡವರಿಸಿದರೆ ಅವರು ಮುಂದಿನ ಮಳಿಗೆಗೆ ಹೋದರೆಂದೇ ಲೆಕ್ಕ. ₹100 ಎಂಆರ್‌ಪಿಯ ಪುಡಿಯನ್ನೇ ತೆಗೆದುಕೊಳ್ಳಿ. ಅಂಗಡಿಗೆ 25, ನಡುವಿನ ವಿತರಕನಿಗೆ 8, ಸಾಗಣೆ 5, ಒಡೆದದ್ದು ಮತ್ತು ವಾಪಸ್ ಬಂದದ್ದಕ್ಕೆ 3 ಎಂದು ಹಿಡಿದರೆ ಕೈಗೆ ಬರುವುದು ₹59. ಶೇಂಗಾ, ಮೆಣಸಿನಕಾಯಿ, ಕೂಲಿ, ಪೌಚು, ಕರೆಂಟು ಸೇರಿ 45 ಆದರೆ 14 ಉಳಿಯುತ್ತದೆ. 60 ಆಗುತ್ತಿದ್ದರೆ ಆರ್ಡರ್ ಹೆಚ್ಚಿದಷ್ಟೂ ನಷ್ಟ ಹೆಚ್ಚು. ಮನೆಯ ಹೆಣ್ಣುಮಕ್ಕಳ ದುಡಿಮೆಗೆ ಕೂಲಿ ಹಾಕದೆ ಲೆಕ್ಕ ಮಾಡುವುದು ನಾನು ಕಂಡ ದೊಡ್ಡ ತಪ್ಪು. ಆರ್ಡರ್ ಬೆಳೆದು ಹೊರಗಿನವರನ್ನು ಕರೆದ ದಿನವೇ ಆ ಲೆಕ್ಕ ತಲೆಕೆಳಗಾಗುತ್ತದೆ.

ಮಳಿಗೆಯಲ್ಲಿ ಅದೇ ಪುಡಿಯನ್ನು ₹70ಕ್ಕೆ ಮಾರಬೇಡಿ. ₹67–75ಕ್ಕೆ ಕೊಳ್ಳಬೇಕಾದವರು ಎದುರಿಗೇ ನಿಂತು ನೋಡುತ್ತಿರುತ್ತಾರೆ. ರಿಯಾಯಿತಿ ಕೊಡಲೇಬೇಕಾದರೆ ರೊಟ್ಟಿ, ಪುಡಿ ಸೇರಿಸಿ ಒಂದು ಜೋಡಿ ಮಾಡಿ ಅದಕ್ಕೆ ಕೊಡಿ.

ಅಂಗಡಿಯವರು ಮಾಲನ್ನು ಸಾಲಕ್ಕೆ ಕೇಳಿದರೆ ಎಷ್ಟು ದಿನದಲ್ಲಿ ಹಣ ಕೊಡುತ್ತಾರೆಂದು ಬರೆಸಿಕೊಳ್ಳಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ತಯಾರಕರಿಗೆ, ಸಣ್ಣ ಉದ್ದಿಮೆಗಳ ಕುರಿತ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, ಬರವಣಿಗೆಯ ಕರಾರಿನಲ್ಲಿ ಹೆಚ್ಚು ದಿನ ಇದ್ದರೂ ಕೊಂಡವರು 45 ದಿನದೊಳಗೆ ಹಣ ಕೊಡಬೇಕು. ಉದ್ಯಮ್ ಸಂಖ್ಯೆ ಬಿಲ್ಲಿನ ಮೇಲೆ ಅಚ್ಚಾಗಿರಲಿ.

ವಿಸಿಟಿಂಗ್ ಕಾರ್ಡ್ ಕೂಡಿಹಾಕುವುದರಿಂದ ಏನೂ ಆಗದು. ನೂರು ಪುಟದ ನೋಟ್‌ಬುಕ್ ಇಟ್ಟು ಕಾರ್ಡನ್ನು ಅಲ್ಲೇ ಪಿನ್ ಮಾಡಿ, ಪಕ್ಕದಲ್ಲಿ ಬರೆಯಿರಿ: ಅಂಗಡಿ ಯಾವ ಬಡಾವಣೆ, ಯಾವ ಪುಡಿ ಹಿಡಿಸಿತು, ತಿಂಗಳಿಗೆ ಎಷ್ಟು, ಯಾವ ದಿನ ಫೋನ್ ಮಾಡಲು ಹೇಳಿದರು. ಊರಿಗೆ ಮರಳಿದ ಮೂರು ದಿನದಲ್ಲಿ ಫೋನ್ ಹೋಗಬೇಕು, ವಾರದಲ್ಲಿ ಎರಡು ಪ್ಯಾಕೆಟ್ ಸ್ಯಾಂಪಲ್ ಅವರ ಅಂಗಡಿಗೆ ಮುಟ್ಟಬೇಕು.

ಮಾರದೆ ಉಳಿದು ವಾಪಸ್ ಬಂದ ರೊಟ್ಟಿ ಪೆಟ್ಟಿಗೆ ಒಂದಿದ್ದರೆ ಅದನ್ನು ಹಾಗೇ ಹಂಚಿಬಿಡಬೇಡಿ. ಬಿಚ್ಚಿ ಎಣಿಸಿ, ಯಾವ ಸಾಲಿನದು ಒಡೆದಿದೆ ನೋಡಿ. ಕೆಳಸಾಲಿನದಾದರೆ ಮೇಲಿನ ಭಾರ ಹೆಚ್ಚಾಗಿದೆ, ಅಂಚುಗಳು ಮಾತ್ರ ಮುರಿದಿದ್ದರೆ ಪಕ್ಕದ ಸಂದಿ ತುಂಬಿಲ್ಲ. ಅಂಗಡಿಗೆ ಹೋಗುವ ಮೊದಲ ಪಾರ್ಸೆಲ್ ಕಟ್ಟುವ ಮುಂಚೆ ಅದನ್ನು ಸರಿಮಾಡಿಕೊಳ್ಳಿ.