ಇಮ್ಯುನಿಟಿ ಜಾಸ್ತಿ ಮಾಡಿಕೊಂಡರೆ ಕ್ಯಾನ್ಸರ್ ವಾಸಿ ಆಗಲ್ವಾ?

ನಾನು ಕಾಲೇಜಿನಲ್ಲಿ ಇಮ್ಯುನಾಲಜಿ ಪಾಠ ಮಾಡುವವಳು. ಅದು ಗೊತ್ತಾದರೆ ಸಾಕು, ಮದುವೆ ಮನೆಯಿರಲಿ, ವಾಟ್ಸಾಪ್ ಗ್ರೂಪ್ ಇರಲಿ, ಈ ಪ್ರಶ್ನೆ ಬಂದೇ ಬರುತ್ತದೆ: "ಇಮ್ಯುನೊಥೆರಪಿ ಅಂದ್ರೆ ಇಮ್ಯುನಿಟಿ ಜಾಸ್ತಿ ಮಾಡೋದು ತಾನೆ ಮೇಡಂ? ಅದಕ್ಕೆ ಲಕ್ಷಗಟ್ಟಲೆ ಯಾಕೆ ಸುರಿಯಬೇಕು, ಅಮೃತಬಳ್ಳಿ ಕಷಾಯ ಕುಡಿದರೆ ಆಗಲ್ವಾ?"

ಆಗಲ್ಲ. ಕಷಾಯದ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ರೋಗನಿರೋಧಕ ವ್ಯವಸ್ಥೆಯನ್ನೇ ಬಳಸಿಕೊಂಡು ಕ್ಯಾನ್ಸರ್‌ಗೆ ಕೊಡುವ ಚಿಕಿತ್ಸೆಯೇ ಇಮ್ಯುನೊಥೆರಪಿ. ಅದರಲ್ಲಿ ಬೇರೆ ಬೇರೆ ಬಗೆಗಳಿವೆ, ಆದರೆ ಜನ ಕೇಳುವುದು ಹೆಚ್ಚಾಗಿ ಚೆಕ್‌ಪಾಯಿಂಟ್ ಔಷಧಿಗಳ ಬಗ್ಗೆ. ಅವು ಮೈಗೆ ಶಕ್ತಿ ತುಂಬುವುದಿಲ್ಲ. ಮೊದಲೇ ಬಿದ್ದಿರುವ ಬ್ರೇಕ್ ತೆಗೆಯುತ್ತವೆ, ಅಷ್ಟೇ.

ನಮ್ಮ ರಕ್ತದಲ್ಲಿ ಟಿ ಕೋಶ ಅನ್ನುವ ಬಿಳಿ ರಕ್ತಕಣಗಳಿವೆ. ವೈರಸ್ ಹೊಕ್ಕ ಕೋಶವನ್ನೋ ಕ್ಯಾನ್ಸರ್‌ಗೆ ತಿರುಗಿದ ಕೋಶವನ್ನೋ ಗುರುತು ಹಿಡಿದು ಕೊಲ್ಲುವುದು ಇವುಗಳ ಕೆಲಸ. ಗುರುತು ಸಿಕ್ಕಿದ ಮಾತ್ರಕ್ಕೆ ಮೇಲೆ ಬೀಳುವುದಿಲ್ಲ, ಇನ್ನೊಂದು ಸೂಚನೆಯೂ ಬೇಕು. ಆ ಸೂಚನೆ ಪಡೆಯುವ ಪ್ರೋಟೀನಿನ ಹೆಸರು ಸಿಡಿ28. ಅದನ್ನೇ ಹೋಲುವ ಇನ್ನೊಂದು ಪ್ರೋಟೀನು ಸಿಟಿಎಲ್‌ಎ-4. ನೋಡೋಕೆ ಒಂದೇ ಥರ ಇದ್ದಿದ್ದರಿಂದ ಇದೂ ಟಿ ಕೋಶವನ್ನು ಹುರಿದುಂಬಿಸುತ್ತದೆ ಅಂತ 1990ರ ದಶಕದ ಶುರುವಿನಲ್ಲಿ ಕೆಲವರು ಅಂದುಕೊಂಡಿದ್ದರು. ಅಮೆರಿಕದ ಬರ್ಕ್ಲಿಯಲ್ಲಿದ್ದ ವಿಜ್ಞಾನಿ ಜೇಮ್ಸ್ ಆಲಿಸನ್ ಮತ್ತು ಬೇರೆ ಲ್ಯಾಬಿನ ಕೆಲವರು ಪರೀಕ್ಷೆ ಮಾಡಿ ನೋಡಿದರೆ ಪೂರ್ತಿ ಉಲ್ಟಾ. ಇದು ಟಿ ಕೋಶವನ್ನು ತಡೆದು ನಿಲ್ಲಿಸುತ್ತಿತ್ತು.

ತಡೆಯುವ ಈ ಪ್ರೋಟೀನು ಇಲ್ಲದಿದ್ದರೆ? 1995ರಲ್ಲಿ ಅದರ ಜೀನ್ ಇಲ್ಲದ ಇಲಿಗಳನ್ನು ಹುಟ್ಟಿಸಿ ನೋಡಿದರು. ಟಿ ಕೋಶಗಳು ಬೇಕಾಬಿಟ್ಟಿ ಬೆಳೆದು ಹೃದಯಕ್ಕೆ, ಮೇದೋಜೀರಕ ಗ್ರಂಥಿಗೆ ಎಲ್ಲ ನುಗ್ಗಿದವು. ಮೂರು-ನಾಲ್ಕು ವಾರದಲ್ಲಿ ಇಲಿಗಳು ಸತ್ತೇ ಹೋದವು. ಇಮ್ಯುನಿಟಿ ಎಷ್ಟು ಜಾಸ್ತಿ ಇದ್ದರೆ ಅಷ್ಟು ಒಳ್ಳೇದು ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಇಲಿಗಳ ವಿಷಯ.

ಸಿಟಿಎಲ್‌ಎ-4 ಅನ್ನು ಬಳಸಿಕೊಂಡು, ನಮ್ಮದೇ ಇಮ್ಯುನಿಟಿ ಕೀಲುಗಳ ಮೇಲೆ ತಿರುಗಿ ಬೀಳುವ ಸಂಧಿವಾತದಂಥ ಕಾಯಿಲೆಗೆ ಮದ್ದು ಮಾಡಬಹುದು ಅಂತ ಬೇರೆಯವರು ಯೋಚಿಸುತ್ತಿದ್ದರು. ಅದೂ ಮುಂದೆ ಆಯಿತು. ಆಲಿಸನ್ ಮಾತ್ರ ಈ ತಡೆಯನ್ನೇ ಸ್ವಲ್ಪ ಹೊತ್ತು ತಡೆದರೆ ಟಿ ಕೋಶಗಳು ಕ್ಯಾನ್ಸರ್ ಮೇಲೆ ಬೀಳಬಹುದಲ್ವಾ ಅಂತ ಕೇಳಿದರು. ಅವರು ಚಿಕ್ಕ ಹುಡುಗನಾಗಿದ್ದಾಗಲೇ ತಾಯಿ ಲಿಂಫೋಮಾ ಅನ್ನುವ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು.

1994ರ ಕೊನೆಯಲ್ಲಿ ಅವರ ಲ್ಯಾಬಿನವರು ಗಡ್ಡೆ ಇದ್ದ ಇಲಿಗಳಿಗೆ ಸಿಟಿಎಲ್‌ಎ-4ಗೆ ಅಂಟಿಕೊಂಡು ಅದನ್ನು ಮುಚ್ಚಿಹಾಕುವ ಆಂಟಿಬಾಡಿ ಅನ್ನುವ ಪ್ರೋಟೀನು ಚುಚ್ಚಿದರು. ಗಡ್ಡೆಗಳು ಮಾಯ. ಆಲಿಸನ್‌ಗೇ ನಂಬಿಕೆ ಬರಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಇನ್ನೊಮ್ಮೆ ಮಾಡಿಸಿದರು, ಯಾವ ಇಲಿಗೆ ಏನು ಕೊಟ್ಟಿದೆ ಅಂತ ತಿಳಿಯದ ಹಾಗೆ ಇಟ್ಟು, ತಾವೇ ಗಡ್ಡೆಗಳನ್ನು ಅಳೆಯುತ್ತಾ ಹೋದರು. ಮೊದಮೊದಲು ಎಲ್ಲ ಇಲಿಗಳಲ್ಲೂ ಗಡ್ಡೆ ಬೆಳೀತಾನೇ ಇತ್ತು. ಆಮೇಲೆ ಕೆಲವದರಲ್ಲಿ ನಿಂತಿತು, ಕರಗುತ್ತಾ ಬಂತು. ಆಂಟಿಬಾಡಿ ಸಿಕ್ಕಿದ್ದು ಆ ಇಲಿಗಳಿಗೇ. ಮನುಷ್ಯರಲ್ಲೂ ಒಮ್ಮೊಮ್ಮೆ ಹೀಗೇ ಆಗುತ್ತದೆ, ಗಡ್ಡೆ ಮೊದಲು ದೊಡ್ಡದಾದಂತೆ ಕಂಡು ಆಮೇಲೆ ಕುಗ್ಗುತ್ತದೆ.

ಇಲಿಯಿಂದ ಆಸ್ಪತ್ರೆಗೆ ಬರಲು ಹದಿನೈದು ವರ್ಷಕ್ಕೂ ಜಾಸ್ತಿ ಹಿಡಿಯಿತು. ಮನುಷ್ಯರ ಸಿಟಿಎಲ್‌ಎ-4 ಅನ್ನು ಮುಚ್ಚಿಹಾಕಲು ಮಾಡಿದ ಅಂಥದ್ದೇ ಆಂಟಿಬಾಡಿ ಇಪಿಲಿಮುಮ್ಯಾಬ್. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್‌ಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪಿಡಿ-1 ಅನ್ನುವ ಇನ್ನೊಂದು ಪ್ರೋಟೀನನ್ನು ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ತಂಡ 1992ರಲ್ಲೇ ಕಂಡುಹಿಡಿದಿತ್ತು. ಅದೂ ಹೀಗೇ ತಡೆಯುವಂಥದ್ದು. 2018ರ ನೊಬೆಲ್ ಇಬ್ಬರಿಗೂ ಸೇರಿ ಬಂತು.

ಹಾಗಂತ ಎಲ್ಲರಿಗೂ ಇದು ಕೆಲಸ ಮಾಡಲ್ಲ. ಇಪಿಲಿಮುಮ್ಯಾಬ್ ತಗೊಂಡ ಮುಂದುವರಿದ ಮೆಲನೋಮಾ ರೋಗಿಗಳಲ್ಲಿ ಮೂರು ವರ್ಷ ದಾಟಿದವರು 100ಕ್ಕೆ ಸುಮಾರು 20 ಮಂದಿ. ಆದರೆ ಹಾಗೆ ದಾಟಿದವರಲ್ಲಿ ತುಂಬಾ ಜನ ಆಮೇಲೂ ವರ್ಷಗಟ್ಟಲೆ ಬದುಕಿದರು, ನನಗೆ ದೊಡ್ಡದಾಗಿ ಕಾಣುವುದು ಅದು. ಅಡ್ಡ ಪರಿಣಾಮಗಳು ಕೀಮೋ ಥರ ಇರಲ್ಲ. ಟಿ ಕೋಶಗಳು ನಮ್ಮದೇ ಕರುಳು, ಥೈರಾಯ್ಡ್, ಲಿವರ್, ಶ್ವಾಸಕೋಶದ ಮೇಲೆ ತಿರುಗಿ ಬೀಳಬಹುದು. ಈ ಚಿಕಿತ್ಸೆಯಲ್ಲಿರುವವರಿಗೆ ಭೇದಿ ಶುರುವಾದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಸುಮ್ನೆ ಕೂರಬಾರದು, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಬೇಕು. ಬೇಗ ಸ್ಟೀರಾಯ್ಡ್ ಕೊಟ್ಟರೆ ಹೆಚ್ಚಿನ ಸಲ ಹತೋಟಿಗೆ ಬರುತ್ತದೆ. ಕಷಾಯ ಕುಡಿಯುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ಇನ್ನು ದುಡ್ಡಿನ ಮಾತು, ಅದು ನ್ಯಾಯವಾದದ್ದೇ. ನಮ್ಮಲ್ಲಿ ಬಹಳ ಜನಕ್ಕೆ ಪೂರ್ತಿ ಡೋಸ್ ಕೈಗೆ ಎಟುಕಲ್ಲ. ಪಿಡಿ-1 ತಡೆಯುವ ನಿವೊಲುಮ್ಯಾಬ್ ಅನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಮುಂಬೈಯ ಟಾಟಾ ಮೆಮೋರಿಯಲ್ ಡಾಕ್ಟರುಗಳು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಬಾಯಿ, ಗಂಟಲಿನ ಕ್ಯಾನ್ಸರ್ ಕೈಮೀರಿದ ರೋಗಿಗಳು ಅವರು. ಅಗ್ಗದ ಮಾತ್ರೆಗಳನ್ನಷ್ಟೇ ಪಡೆದ ಗುಂಪಿನಲ್ಲಿ ವರ್ಷದ ಹೊತ್ತಿಗೆ ಬದುಕಿದ್ದವರು 100ಕ್ಕೆ ಸುಮಾರು 16, ಅದೇ ಮಾತ್ರೆಗಳ ಜೊತೆ ಈ ಸಣ್ಣ ಡೋಸೂ ಸಿಕ್ಕ ಗುಂಪಿನಲ್ಲಿ ಸುಮಾರು 43. 2022ರಲ್ಲಿ ಪ್ರಕಟವಾದ ಫಲಿತಾಂಶ ಇದು. ಎಲ್ಲ ಕ್ಯಾನ್ಸರ್‌ಗೂ ಇದೇ ಲೆಕ್ಕ ಅಂತ ಅಲ್ಲ. ಆದರೂ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದು, ದುಡ್ಡಿಲ್ಲ ಅಂತ ಕೈಬಿಡುವ ಮೊದಲು, ಕಡಿಮೆ ಡೋಸ್ ಆಗುತ್ತದಾ ಅಂತ ಆಂಕಾಲಜಿಸ್ಟ್ ಹತ್ತಿರ ಒಂದು ಮಾತು ಕೇಳಿ.