ಕಥೆಯಲ್ಲಿ ಫಿಟ್ಸ್ ಬರೆಯುವುದು ಹೇಗೆ?

ಮೂರ್ಛೆರೋಗ ಇರುವ ಪಾತ್ರವನ್ನು ನಂಬುವ ಹಾಗೆ ಬರೆಯುವುದು ಹೇಗೆ ಎಂದು ಕಥೆಗಾರರು ಆಗಾಗ ಕೇಳುತ್ತಾರೆ. ನೆಲಕ್ಕೆ ಬಿದ್ದು ಒದ್ದಾಡುವ ಆ ಎರಡು ನಿಮಿಷಕ್ಕಿಂತ ಅದರ ಹಿಂದುಮುಂದನ್ನು ಬರೆಯಿರಿ ಎನ್ನುವುದೇ ನನ್ನ ಉತ್ತರ.

ರಷ್ಯಾದ ಕಾದಂಬರಿಕಾರ ದಾಸ್ತೋವ್ಸ್ಕಿಗೆ ಸ್ವತಃ ಅಪಸ್ಮಾರ, ಅಂದರೆ ಮೂರ್ಛೆರೋಗ ಇತ್ತು. 1868ರಿಂದ ಪ್ರಕಟವಾದ ಆತನ 'ಈಡಿಯಟ್' ಕಾದಂಬರಿಯಲ್ಲಿ ನಾಯಕ ಮಿಶ್ಕಿನ್ ಹೋಟೆಲಿನ ಮೆಟ್ಟಿಲ ಮೇಲೆ ಬೀಳುವ ಮುಂಚೆ ಪುಟಗಟ್ಟಲೆ ಅವನ ಚಡಪಡಿಕೆಯೇ ಇದೆ. ಗೊತ್ತುಗುರಿ ಇಲ್ಲದೆ ಅಲೆಯುತ್ತಾನೆ. ಅಂಗಡಿ ಕಿಟಕಿಯಲ್ಲಿ ಕಂಡ ವಸ್ತು ನಿಜಕ್ಕೂ ಅಲ್ಲಿತ್ತೇ ಎಂದು ಮತ್ತೆ ಹೋಗಿ ನೋಡುತ್ತಾನೆ. ಕೊನೆಗೆ ಒಂದು ಭಯಂಕರ ಚೀತ್ಕಾರ; ಅವನೊಳಗಿಂದ ಬೇರೆ ಯಾರೋ ಕೂಗಿದಂತೆ. ಅದು ನೋವಿನ ಕೂಗಲ್ಲ. ಎದೆಯ ಸ್ನಾಯುಗಳು ಒಮ್ಮೆಲೇ ಬಿಗಿದು, ಗಾಳಿ ಗಂಟಲಿನಿಂದ ನುಗ್ಗುವ ಸದ್ದು. ಇಷ್ಟು ನಿಖರವಾಗಿ ಬರೆದವರು ಅಪರೂಪ.

ದಾಸ್ತೋವ್ಸ್ಕಿಯದೇ 'ಕರಮಜೋವ್ ಸಹೋದರರು' ಕೃತಿಯಲ್ಲಿ ಮನೆಯ ಆಳು ಸ್ಮೆರ್ದ್ಯಾಕೊವ್ ನಾಳೆ ತನಗೆ ಫಿಟ್ಸ್ ಬರಬಹುದೆಂದು ಮೊದಲೇ ಹೇಳುತ್ತಾನೆ. ದಿನ, ಗಳಿಗೆ ಗೊತ್ತಾಗುವ ಕಾಯಿಲೆಯಲ್ಲವಲ್ಲ ಎಂಬ, ಯಜಮಾನನ ಮಗ ಇವಾನನ ಅನುಮಾನ ಸರಿಯಾದದ್ದೇ.

ನಮ್ಮ ಕಥೆಗಳಲ್ಲಿ ಹೆಚ್ಚಾಗಿ ತಪ್ಪುವುದು ಉತ್ತಮ ಪುರುಷ ನಿರೂಪಣೆಯಲ್ಲಿ. "ನನ್ನ ಕೈಕಾಲು ಅದುರತೊಡಗಿದವು, ಬಾಯಲ್ಲಿ ನೊರೆ ಬಂತು" ಎಂದು ಪಾತ್ರವೇ ವರ್ಣಿಸುತ್ತದೆ. ಮೈಯೆಲ್ಲ ಸೆಟೆಯುವ ಫಿಟ್ಸ್‌ನಲ್ಲಿ ಪ್ರಜ್ಞೆಯೇ ಇರುವುದಿಲ್ಲ. ಆ ವ್ಯಕ್ತಿಗೆ ನೆನಪಿರಬಹುದಾದದ್ದು ಅದಕ್ಕೂ ಮುಂಚಿನ ಕೆಲವು ಸೆಕೆಂಡು: ಹೊಟ್ಟೆಯಿಂದ ಮೇಲೇರುವ ಸಂಕಟ, ಎಲ್ಲಿಂದಲೋ ಬರುವ ಸುಟ್ಟ ವಾಸನೆ. ಆಮೇಲೆ ಎಚ್ಚರವಾದಾಗ ನಾಲಗೆಯ ಅಂಚು ಉರಿಯುತ್ತಿರುತ್ತದೆ, ಬಟ್ಟೆ ಒದ್ದೆಯಾಗಿರಬಹುದು, ಸುತ್ತ ಬಗ್ಗಿ ನೋಡುವ ಮುಖಗಳು. ಮಾತು ಕೂಡಿಬರಲು ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮರುದಿನ ಮೈಕೈ ನೋವು. ಕಥೆ ಇರುವುದು ಇಲ್ಲಿ.

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಅಥವಾ ಬೀಗದ ಕೈ ಕೊಡುವ ದೃಶ್ಯ ಬರೆಯಿರಿ, ನಮ್ಮ ಜನ ಹಾಗೆ ಮಾಡುವುದು ನಿಜ. ಆದರೆ ಅದರಿಂದಲೇ ನಿಂತಿತು ಎಂದು ನಿರೂಪಕ ಹೇಳಬಾರದು. ಹೆಚ್ಚಿನವು ಒಂದರಿಂದ ಮೂರು ನಿಮಿಷದಲ್ಲಿ ತಾವೇ ನಿಲ್ಲುತ್ತವೆ; ಕಬ್ಬಿಣ ಹುಡುಕಿ ತರುವಷ್ಟರಲ್ಲಿ ಆ ಹೊತ್ತು ಕಳೆದಿರುತ್ತದೆ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ನಿಮ್ಮ ಪಾತ್ರಗಳಲ್ಲಿ ಒಬ್ಬರಾದರೂ ಗಡಿಯಾರ ನೋಡಲಿ, ರೋಗಿಯನ್ನು ಮಗ್ಗುಲಾಗಿಸಲಿ, ಬಾಯಿಗೆ ಏನೂ ತುರುಕದಿರಲಿ.

ಮದುವೆಯ ಕಥೆಯಾದರೆ ಇಸವಿ ನೋಡಿಕೊಳ್ಳಿ. ಹಿಂದೂ ವಿವಾಹ ಕಾಯ್ದೆಯ ಷರತ್ತುಗಳಲ್ಲಿದ್ದ, ಅಪಸ್ಮಾರ ಇರಬಾರದು ಎಂಬ ಮಾತನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಅದಾದ ಮೇಲಿನ ಕಾಲದ ವಕೀಲರ ಬಾಯಲ್ಲಿ, ಫಿಟ್ಸ್ ಇದೆ ಎಂಬ ಒಂದೇ ಕಾರಣಕ್ಕೆ ಮದುವೆ ರದ್ದಾಗುತ್ತದೆ ಎಂಬ ಮಾತು ಹಾಕಬೇಡಿ.