ಮೈಕೈ ತುಂಬಿಕೊಂಡ ಹುಡುಗ

ಅಕ್ಕನ ಮಗನಿಗೆ ಎಡಿಎಚ್‌ಡಿ, ಅಂದ್ರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ. ಮೊದಲು ಅದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಒಂದೇ ಇತ್ತು. ಅದು ಹಸಿವು ತಗ್ಗಿಸುತ್ತೆ, ಊಟ ಅಂದ್ರೆ ಮುಖ ತಿರುಗಿಸುತ್ತಿದ್ದ. ಸಿಟ್ಟು, ಹೊಡೆದಾಟ ಜಾಸ್ತಿ ಆಯ್ತು ಅಂತ ಡಾಕ್ಟರು ರಿಸ್ಪೆರಿಡೋನ್ ಅನ್ನೋ ಇನ್ನೊಂದು ಮಾತ್ರೆ ಸೇರಿಸಿದರು. ಈಗ ರಾತ್ರಿ ಊಟ ಮುಗಿಸಿ ಅರ್ಧ ಗಂಟೆಗೆ ಮತ್ತೆ ಚಪಾತಿ ಡಬ್ಬಿ ತೆಗೆಯುತ್ತಾನೆ. ಶಾಲೆ ಪ್ಯಾಂಟಿನ ಹುಕ್ ಕೂರುತ್ತಿಲ್ಲ. ಮೈಕೈ ತುಂಬಿಕೊಂಡ ಅಂತ ಅಜ್ಜಿಗೆ ಖುಷಿ.

ನನಗೆ ಅಷ್ಟು ಖುಷಿಯಿಲ್ಲ. ರಿಸ್ಪೆರಿಡೋನ್ ಜಾತಿಯ ಮಾತ್ರೆಗಳು (ಆಂಟಿಸೈಕೋಟಿಕ್) ಹಸಿವು ಕೆರಳಿಸುತ್ತವೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತವೆ. ಅಮೆರಿಕದ ಟೆನೆಸ್ಸಿಯಲ್ಲಿ 6ರಿಂದ 24 ವರ್ಷದವರ ಮೇಲೆ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಇಂಥ ಮಾತ್ರೆ ಶುರು ಮಾಡಿದವರಿಗೆ ಟೈಪ್ 2 ಶುಗರ್ ಬರುವ ಸಾಧ್ಯತೆ, ಮನಸ್ಸಿನ ಬೇರೆ ಔಷಧ ತಗೊಂಡವರಿಗಿಂತ ಸುಮಾರು 3 ಪಟ್ಟು. ಮೊದಲ ವರ್ಷದಲ್ಲೇ ವ್ಯತ್ಯಾಸ ಕಂಡಿತ್ತು. ಹಾಗಂತ ಎಲ್ಲ ಮಕ್ಕಳಿಗೂ ಬರುತ್ತೆ ಅಂತಲ್ಲ. ಹೆದರಿಕೊಂಡು ಸುಮ್ನೆ ಮಾತ್ರೆ ನಿಲ್ಲಿಸೋದೂ ತಪ್ಪು.

ಅಕ್ಕನಿಗೆ ಹೇಳಿದ್ದೇನೆ: ಮುಂದಿನ ಸಲ ತೂಕ, ಸೊಂಟದ ಅಳತೆ, ಖಾಲಿ ಹೊಟ್ಟೆಯ ಶುಗರ್ ನೋಡಿಸು. ಈ ಎರಡನೇ ಮಾತ್ರೆ ಇನ್ನೂ ಎಷ್ಟು ತಿಂಗಳು ಬೇಕು ಅಂತಲೂ ಕೇಳು.

"ಡಾಕ್ಟರಿಗೆ ಗೊತ್ತಿರಲ್ವಾ?" ಅಂತಾಳೆ. ಗೊತ್ತಿರುತ್ತೆ ಕಣೇ. ಆದ್ರೆ ಚಪಾತಿ ಡಬ್ಬಿ ನೋಡ್ತಿರೋದು ನೀನು.